ಮ್ಯಾಲಿನ ಬಾತ್‌ರೂಮ್‌ದಾಗ ನೀರು ಸಣ್ಣಗ ಬರ್ತೈತಿ, ಪ್ಲಂಬರ್ ಗ್ವಾಡಿ ಒಡೆದು ಪೂರ್ತಿ ಪೈಪ್ ಬದಲಿ ಮಾಡ್ಬೇಕು ಅಂತಾನ, ಮಾಡಿಸ್ಲೇನ್ರಿ?

ಈಗ ಒಡೀಬ್ಯಾಡ್ರಿ. ಇಪ್ಪತ್ತ ವರ್ಷದ ಹಿಂದಿನ ಟೈಲ್ಸ್ ಅಂದ್ರ ಆ ಡಿಜೈನ್ ಈಗ ಎಲ್ಲೂ ಸಿಗಂಗಿಲ್ಲ, ನಾಲ್ಕ ಟೈಲ್ಸ್ ಒಡದ್ರ ಬಾತ್‌ರೂಮ್ ಪೂರ್ತಿ ಹೊಸಾದು ಮಾಡಿಸ್ಬೇಕಾಗ್ತೈತಿ, ಪೈಪಿನ ಖರ್ಚಿಗಿಂತ ಅದ ಜಾಸ್ತಿ.

ನೀವು ಬರದಿದ್ದು ನನಗ ತಿಳದಂಗ ಹಿಂಗೈತಿ. ಹುಬ್ಬಳ್ಳಿ ಕೇಶ್ವಾಪುರದಾಗ ಮನಿ, ಕೆಳಗೊಂದು ಮ್ಯಾಲೊಂದು, ಟಾಕಿ ಮ್ಯಾಲಿನ ಸ್ಲ್ಯಾಬ್ ಮ್ಯಾಲ, ಒಳಗ ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪ್. ಕೆಳಗಿನ ಮನ್ಯಾಗ ನೀರು ಜೋರ ಬರ್ತೈತಿ, ಮ್ಯಾಲ ಮದ್ಲ ಪರವಾಗಿಲ್ಲ ಅನ್ನಂಗ ಬರ್ತಿತ್ತು, ಈಗೀಗ ಕಡಿಮಿ ಆಗ್ತಾ ಬಂದೈತಿ, ಮೊನ್ನೆ ದೊಡ್ಡ ರೇನ್ ಶವರ್ ಹಾಕಿಸಿದ ಮ್ಯಾಲಂತೂ ಹನಿ ಹನಿ. ಪ್ಲಂಬರ್ ಬಂದು ಒಂದ ಮಿಂಟ ನಳ ತಿರುವಿ ನೋಡಿ ಎಲ್ಲಾ ಲೈನ್ ಹೋಗೈತಿ ಅಂದಾನ. ಬಾಜೂ ಮನಿಯವರು ಕಾರ್ಪೊರೇಶನ್ ಲೈನಿಗೆ ಡೈರೆಕ್ಟ್ ಮೋಟರ್ ಹಚ್ಚಿ ಮ್ಯಾಲ ಏರಿಸ್ಬಿಡ್ರಿ ಅಂದಾರ. ಮೋಟರ್ ಮಾತು ಕಡೀಕ ಹೇಳ್ತೇನಿ.

ನಾನು ಹುಬ್ಬಳ್ಳಿಯೊಳಗ ಇದ ಕೆಲಸ ಮಾಡಾಂವ. ನೀವು ಒಂದ ತಕರಾರು ಅಂತ ಬರದೀರಿ, ಆದ್ರ ಅದರೊಳಗ ಎರಡ ಅದಾವ. ನಳದಾಗ ನೀರು ಬರ್ತಾ ಬರ್ತಾ ಕಡಿಮಿ ಆಗಿದ್ದು ಒಂದು, ಶವರ್ ಹನಿ ಹಾಕೂದು ಇನ್ನೊಂದು. ಟಾಕಿ ಎತ್ತರ ಇವತ್ತೂ ಅಷ್ಟ, ಮದ್ಲೂ ಅಷ್ಟ, ಹಂಗಾಗಿ ಮದ್ಲ ಬರ್ತಿದ್ದ ನೀರು ಈಗ ಕಡಿಮಿ ಆಗೈತಿ ಅಂದ್ರ ಎಲ್ಲೋ ಕಟಗೊಂಡೈತಿ ಅಂತನ ಅರ್ಥ. ಶವರಿಂದು ಬರೇ ಎತ್ತರದ ಲೆಕ್ಕ, ಅದಕ್ಕ ಹೊಸ ಪೈಪ್ ಹಾಕಿದ್ರೂ ಅಷ್ಟೇನ ಫರಕ್ ಬೀಳಂಗಿಲ್ಲ.

ಮದ್ಲ ಕಟಗೊಂಡಿದ್ದು ಹುಡುಕೂಣು. ಬಾತ್‌ರೂಮ್‌ದಾಗ ಒಂದ ನಳಕ್ಕ ಕಡಿಮಿ ಐತೋ ಎಲ್ಲಾದಕ್ಕೂ ಐತೋ ನೋಡ್ರಿ. ಒಂದಕ್ಕ ಅಷ್ಟ ಇದ್ರ ನಳದ ಬಾಯಾಗಿನ ಜಾಳಗಿ ತಿರುವಿ ತಗೀರಿ, ಕೈಲೆ ಬರದಿದ್ರ ಬಟ್ಟಿ ಸುತ್ತಿ ಪಾನಾ ಹಚ್ರಿ. ಅದರಾಗ ಉಸುಕು, ತುಕ್ಕಿನ ಚೂರು, ಬಿಳೀ ಸುಣ್ಣದಂಥಾದ್ದು ಸಿಕ್ಕs ಸಿಗ್ತೈತಿ. ನಮ್ಮ ಊರಾಗ ಇದು ಆಗೂದ ಹಿಂಗ, ಯಾಕಂದ್ರ ಸವದತ್ತಿ ಕಡೆ ರೇಣುಕಾಸಾಗರ ಡ್ಯಾಮಿನಿಂದ ಮಲಪ್ರಭಾ ನದಿ ನೀರು ಬರ್ತೈತಿ, ಅಮ್ಮಿನಭಾವಿಯಾಗ ಶುದ್ಧ ಮಾಡಿ ಕಳಸ್ತಾರ ಖರೆ, ಆದ್ರ 24 ತಾಸಿನ ಸಪ್ಲೈ ಇಲ್ಲದ ಕಡೆ ನೀರು ಬಿಡೂದು ದಿನಾ ಬಿಟ್ಟು ದಿನಾ ಸೈತ ಅಲ್ಲ, ನಡುವ ಲೈನ್ ಖಾಲಿ ಬಿದ್ದಿರ್ತೈತಿ, ಮತ್ತ ನೀರು ಬಿಟ್ಟಾಗ ಮದ್ಲ ಗಾಳಿ ಬುಸ್ ಅಂತೈತಿ, ಆಮ್ಯಾಲೆ ಕೆಂಪು ರಾಡಿ, ಆಮ್ಯಾಲೆ ನೀರು. ಆ ರಾಡಿ ಸಂಪಿಗೆ, ಸಂಪಿಂದ ಮೋಟರ್ ಹಿಡಕೊಂಡು ಟಾಕಿಗೆ, ಟಾಕಿಯಿಂದ ನಿಮ್ಮ ನಳದ ಜಾಳಗಿಗೆ. ಅದರಾಗ ಬೋರಿನ ನೀರೂ ಕೂಡ್ಸಿದ್ರಿ ಅಂದ್ರ ಸುಣ್ಣ ಕಟ್ಟೂದು ಗ್ಯಾರಂಟಿ. ಜಾಳಗಿ ವಿನೆಗರ್‌ದಾಗ ಒಂದ ರಾತ್ರಿ ನೆನಸಿ ಹಳೇ ಬ್ರಶ್ಶಿಲೆ ತಿಕ್ಕ್ರಿ, ರೊಕ್ಕ ಖರ್ಚಿಲ್ಲ. ಶವರಿಗೂ ಇದ.

ಎಲ್ಲಾದಕ್ಕೂ ಕಡಿಮಿ ಇದ್ರ ವಾಲ್ ನೋಡ್ರಿ. ನಾನು ಹೋದ ಮನಿಗಳೊಳಗ ಗ್ವಾಡಿ ಒಡಿಯಾಕ ಹೊಂಟಿದ್ದ ಎಷ್ಟೋ ಕೇಸ್ ಇಲ್ಲೇ ಮುಗದಾವ. ಟಾಕಿ ಬುಡಕ ಹಿತ್ತಾಳಿ ಗೇಟ್ ವಾಲ್ ಇರ್ತೈತಲ್ಲ, ಅದರ ಒಳಗಿನ ಫಾಳಿ ಹಳೇದಾಗಿ ಸ್ಪಿಂಡಲ್ ಕಡ್ಡಿಯಿಂದ ಕಳಚಿ ಕೆಳಗ ಬಿದ್ದಿರ್ತೈತಿ, ಮ್ಯಾಲ ಹ್ಯಾಂಡಲ್ ಮಾತ್ರ ಚಲೋ ತಿರುಗ್ತಿರ್ತೈತಿ. ವಾಲ್ ಪೂರ್ತಿ ತಗದೈತ್ರಿ ಅಂತ ಎಲ್ಲಾರೂ ಅಂತಾರ, ಒಳಗ ಅರ್ಧಾ ಬಂದ್ ಇರ್ತೈತಿ. ಹ್ಯಾಂಡಲ್ ಎಷ್ಟ ತಿರುವಿದ್ರೂ ಬಿಗಿನ ಆಗವಲ್ದು ಅಂದ್ರ ಇದ ಅಂತ ತಿಳ್ಕೋರಿ. ಹೊಸ ಗೇಟ್ ವಾಲ್ ಬದ್ಲಿ ಬಾಲ್ ವಾಲ್ ಹಾಕಿಸ್ರಿ, ಕಾಲು ಸುತ್ತು ತಿರುವಿದ್ರ ತಗೀತೈತಿ, ಬಂದ್ ಐತೋ ತಗದೈತೋ ಹ್ಯಾಂಡಲ್ ನೋಡಿದ್ರ ಗೊತ್ತಾಗ್ತೈತಿ. ಬಾತ್‌ರೂಮಿನ ಗ್ವಾಡ್ಯಾಗಿನ ಕನ್ಸೀಲ್ಡ್ ವಾಲ್ ಸೈತ ಹಂಗ, ಅದರ ಸ್ಪಿಂಡಲ್ ಮುಂದಿನಿಂದನ ತಗಿಯಾಕ ಬರ್ತೈತಿ, ಟೈಲ್ಸಿಗೆ ಕೈ ಹಚ್ಚೂದು ಬ್ಯಾಡ.

ಟಾಕಿ ಮುಚ್ಚಳ ತಗದು ತಳಾನೂ ಒಮ್ಮೆ ನೋಡ್ರಿ, ಔಟ್‌ಲೆಟ್ ಮಟ್ಟಕ್ಕ ರಾಡಿ ಕುಂತಿದ್ರ ಬ್ಯಾರೆ ಏನೂ ಹುಡುಕೂದು ಬ್ಯಾಡ.

ಇನ್ನ ಗಾಳಿ. ಸ್ಲ್ಯಾಬ್ ಮ್ಯಾಲ ಪೈಪ್ ಎಲ್ಲೇರ ಮ್ಯಾಲೆದ್ದು ಪ್ಯಾರಾಪೆಟ್ ದಾಟಿ ಮತ್ತ ಕೆಳಗ ಇಳದಿದ್ರ ಆ ಡುಬ್ಬದಾಗ ಗಾಳಿ ಕುಂತಬಿಡ್ತೈತಿ. ಟಾಕಿ ಒಮ್ಮೆ ಪೂರ್ತಿ ಖಾಲಿ ಆಗಿ ತುಂಬಿದ ಮ್ಯಾಲ ನೀರು ಕಡಿಮಿ ಆಗೈತಿ ಅಂದ್ರ ನನಗ ಮದ್ಲ ಡೌಟ್ ಬರೂದ ಇದರ ಮ್ಯಾಲ. ಕಾಯಂ ಇಲಾಜು ಅಂದ್ರ ಟಾಕಿಯ ವಾಲ್ ದಾಟಿದ ಕೂಡ್ಲೆ ಒಂದ ಟೀ (ಮೂರ ಬಾಯಿನ ಜಾಯಿಂಟ್) ಹಾಕಿ ಅಲ್ಲಿಂದ ಗಾಳಿ ಪೈಪ್ ಟಾಕಿ ನೀರಿನ ಮಟ್ಟಕ್ಕಿಂತ ಎತ್ತರಕ್ಕ ಒಯ್ದು ಬಾಯಿ ಬಗ್ಗಿಸಿ ಬಿಡೂದು, ಡುಬ್ಬ ಅಲ್ಲಿಂದ ದೂರ ಇದ್ರ ಡುಬ್ಬದ ನೆತ್ತಿಗೇ ಇನ್ನೊಂದು. ಹಳೇ ಮನಿಗಳಾಗ ರೊಕ್ಕ ಉಳಸಾಕ ಹೋಗಿ ಇದನ್ನ ಬಿಟ್ಟಿರ್ತಾರ. ಬಿಸಿನೀರು ಅಷ್ಟ ಕಡಿಮಿ ಬರ್ತಿದ್ರ, ಸೋಲಾರ್ ಇದ್ದವ್ರಿಗೆ ಇದು ಭಾಳ, ಮಿಕ್ಸರಿನ ಬಾಯಿ ಅಂಗೈಲೆ ಗಟ್ಟಿ ಒತ್ತಿ ಹಿಡದು ಬಿಸಿ ತಣ್ಣೀರು ಎರಡೂ ತಿರುವ್ರಿ, ತಣ್ಣೀರಿನ ಒತ್ತಡಕ್ಕ ಬಿಸಿನೀರಿನ ಲೈನಿನ ಗಾಳಿ ಹಿಂದಕ್ಕ ಹೋಗ್ತೈತಿ. ಬಿಸಿನೀರು ಸುಡುವಂಗ ಇರ್ತೈತಿ, ಮುಂಜಾನೆ ಸೋಲಾರ್ ತಣ್ಣಗಿದ್ದಾಗ ಮಾಡ್ರಿ.

ಇಷ್ಟೆಲ್ಲಾ ಆದ ಮ್ಯಾಲ 10 ಲೀಟರ್ ಬಕೆಟ್ ಇಟ್ಟು, ಜಾಳಗಿ ತಗದ ನಳದಿಂದ ತುಂಬಿಸಿ ಟೈಮ್ ನೋಡ್ರಿ. ಒಂದ ನಿಮಿಷದ ಆಜೂಬಾಜು ತುಂಬಿದ್ರ ಟಾಕಿ ಒತ್ತಡದ ಮ್ಯಾಲಿನ ಮಹಡಿಗೆ ಅದು ಚಲೋನ ಅಂತ ನಾನು ಅಂತೇನಿ, ಪೈಪ್ ಮುಟ್ಟೂದು ಬ್ಯಾಡ. ಎರಡ ಮೂರ ನಿಮಿಷ ತಗೊಂಡ್ರ ಪ್ಲಂಬರ್ ಹೇಳಿದ್ದು ಖರೆ ಇರಬಹುದು, ಆದ್ರ ಬಾಯಿ ಮಾತಿಗೆ ಒಡಸ್ಬ್ಯಾಡ್ರಿ. ಸ್ಲ್ಯಾಬ್ ಮ್ಯಾಲ ಹೊರಗ ಕಾಣೂ ಪೈಪಿನಾಗ ಒಂದ ಎಲ್ಬೋ (ಮೂಲಿ ಜಾಯಿಂಟ್) ಬಿಚ್ಚಿ ತೋರ್ಸು ಅನ್ರಿ. ಜಿಐ ಪೈಪ್ ಒಳಗಿನಿಂದ ತುಕ್ಕು ಕಟ್ಟಿ ಒಂದಿಂಚಿನ ತೂತು ಪೆನ್ಸಿಲ್ ಹೋಗುವಷ್ಟ ಆಗಿದ್ರ ನಿಮ್ಮ ಕಣ್ಣಿಗೇ ಕಾಣ್ತೈತಿ, ಆಗ ಬದಲಿ ಮಾಡೂದ ಸೈ. ಎಲ್ಬೋ ಬಿಚ್ಚಾಕ ಒಲ್ಲೆ ಅನ್ನಾಂವ ಇದ್ರ ಬ್ಯಾರೆಯವರನ್ನ ಕರೀರಿ. ಪ್ಲಂಬರ್ ಪರವಾಗೀನೂ ಒಂದ ಮಾತು ಹೇಳ್ಬೇಕು, ಅಂವ ಬರೇ ನೋಡಾಕ ಬಂದಾಗ ಮಂದಿ ಚಾ ಕೊಟ್ಟು ಕಳಸ್ತಾರ, ಒಡದಾಗ ಅಷ್ಟ ಪಗಾರ ಕೊಡ್ತಾರ, ಅದಕ್ಕ ಪ್ಲಂಬರಿಗೂ ಒಡಿಯೂದ ಅನುಕೂಲ. ಹುಡುಕಿದ್ದಕ್ಕ ರೊಕ್ಕ ಕೊಡ್ರಿ, ಹುಡುಕ್ತಾರ.

ಬದಲಿ ಮಾಡೂದ ಆದ್ರ ಹಳೇ ಪೈಪ್ ಗ್ವಾಡ್ಯಾಗ ಹಂಗ ಸಾಯ್ಲಿ, ಎರಡೂ ಕಡೆ ಪ್ಲಗ್ ಹೊಡಸ್ರಿ. ಹೊಸ ಲೈನ್ ಮನಿ ಹೊರಗಿನ ಗ್ವಾಡಿ ಮ್ಯಾಲ ಕ್ಲ್ಯಾಂಪ್ ಹಾಕಿ ತಂದು ಬಾತ್‌ರೂಮಿಗೆ ಒಂದ ತೂತು ಹಾಕಿ ಒಳಗ ತರಬಹುದು, ಮುಂದ ಲೀಕ್ ಆದ್ರೂ ಕಣ್ಣಿಗೆ ಕಾಣ್ತೈತಿ. ಟಾಕಿಯಿಂದ ಇಳಿಯೂ ಪೈಪ್ ಒಂದೂಕಾಲು ಇಂಚು, ಕಡಿಮಿ ಅಂದ್ರ ಒಂದಿಂಚು, ಬಾತ್‌ರೂಮಿಗೆ ಮುಕ್ಕಾಲು, ನಳದ ಪಾಯಿಂಟಿಗೆ ಅಷ್ಟ ಅರ್ಧಾ ಇಂಚು. ಟಾಕಿಯಿಂದನ ಅರ್ಧಾ ಇಂಚು ಎಳದು ರೊಕ್ಕ ಉಳಸ್ತೇನಿ ಅನ್ನಾಂವನ ಮಾತು ಕೇಳಬ್ಯಾಡ್ರಿ, ಒಂದಿಂಚಿನ ಪೈಪಿನ ಬಾಯಿ ಅರ್ಧಾ ಇಂಚಿಂದರ ಸುಮಾರು ಮೂರರಿಂದ ನಾಲ್ಕ ಪಟ್ಟು ಇರ್ತೈತಿ, ಎರಡ ಪಟ್ಟಲ್ಲ. ಬಿಸಿನೀರಿಗೆ ಸಿಪಿವಿಸಿ ಅನ್ನೂ ಪ್ಲಾಸ್ಟಿಕ್ ಪೈಪ್, ಅದು 93 ಡಿಗ್ರಿ ತನಕ ತಡೀತೈತಿ, ತಣ್ಣೀರಿಗೆ ಯುಪಿವಿಸಿ ಪ್ಲಾಸ್ಟಿಕ್ ಸಾಕು, ಎರಡಕ್ಕೂ ಅಂಟು ಬ್ಯಾರೆ ಬ್ಯಾರೆ, ಅದರ ಡಬ್ಬಿ ಇದಕ್ಕ ಹಚ್ಚೂದಲ್ಲ. ಬಿಸಿಲಿಗೆ ಬೀಳೂ ಪೈಪಿಗೆ ಬಿಳೀ ಪೇಂಟ್ ಹೊಡಸ್ರಿ, ಇಲ್ಲಾಂದ್ರ ನಮ್ಮ ಬಿಸಿಲು ವರ್ಷಾನುಗಟ್ಟಲೆ ಬಿದ್ದು ಪೆಳಸು ಆಗಿ ಪಟಕ್ ಅಂತ ಮುರೀತೈತಿ. ಅಂಟು ಹಚ್ಚಿದ ಕೂಡ್ಲೆ ನೀರು ಬಿಡ್ಸಬ್ಯಾಡ್ರಿ, ಡಬ್ಬಿ ಮ್ಯಾಲ ಬರದಷ್ಟ ಹೊತ್ತು ಬಿಡ್ರಿ. ಗ್ವಾಡ್ಯಾಗ ಹೋಗೂದು ತುಣುಕು ಇದ್ರೂ ಸಿಮೆಂಟ್ ಹಚ್ಚೂಕಿಂತ ಮದ್ಲ ಎಲ್ಲಾ ಪಾಯಿಂಟಿಗೆ ಪ್ಲಗ್ ಹಾಕಿ ಕೈಪಂಪಿಲೆ ಪ್ರೆಶರ್ ಕೊಟ್ಟು ರಾತ್ರಿ ಪೂರ್ತಿ ಬಿಟ್ಟು, ಮುಂಜಾನೆ ಪ್ರೆಶರ್ ಗೇಜಿನ ಮುಳ್ಳು ಇಳದೈತೇನು ನೋಡ್ರಿ. ಸಿಮೆಂಟ್ ಮುಚ್ಚೂಕಿಂತ ಮದ್ಲ ಪೈಪಿನ ಬಾಜೂಕ ಅಳತಿ ಟೇಪ್ ಹಿಡದು ಒಂದ ಫೋಟೋ ತಕ್ಕೋರಿ, ಮುಂದ ಕನ್ನಡಿ ಹಾಕಾಕ ಡ್ರಿಲ್ ಹೊಡಿಯಾವ್ರಿಗೆ ಬೇಕಾಗ್ತೈತಿ.

ಈಗ ಶವರ್. 33 ಅಡಿ ಎತ್ತರದ ನೀರಿಗೆ ಸುಮಾರು 1 ಕೇಜಿ ಪ್ರೆಶರ್, ಅಂದ್ರ ಒಂದ ಚದರ ಸೆಂಟಿಮೀಟರಿಗೆ 1 ಕೇಜಿ ಒತ್ತಡ. ನಿಮ್ಮ ಸ್ಲ್ಯಾಬ್ 10 ಅಡಿ, ಶವರ್ 7 ಅಡಿ ಅಂತ ಹಿಡೀರಿ, ನಡುವ 3 ಅಡಿ, ಟಾಕ್ಯಾಗ ನೀರು ಇನ್ನೊಂದ 3 ಅಡಿ, ಎಲ್ಲಾ ಕೂಡಿ 6 ಅಡಿ. 0.2 ಕೇಜಿನೂ ಇಲ್ಲ. ಟಾಕಿ ಖಾಲಿ ಆಗ್ತಾ ಬಂದಂಗ ಅದೂ ಅರ್ಧಕ್ಕಿಳೀತೈತಿ. ಕೆಳಗಿನ ಮನಿಗೆ ಇನ್ನೂ 10 ಅಡಿ ಕೂಡ್ತೈತಿ, ಅದಕ್ಕ ಅಲ್ಲೆ ಜೋರು. ರೇನ್ ಶವರಿಗೆ ಸಾಮಾನ್ಯ ಅರ್ಧಾ ಕೇಜಿ ಮ್ಯಾಲನ ಬೇಕು, ಡಬ್ಬಿ ಮ್ಯಾಲ ಬರದಿರ್ತೈತಿ, ಅಂಗಡಿಯಾಗ ಯಾರೂ ಓದಂಗಿಲ್ಲ. ಟಾಕಿ 5 ಅಡಿ ಏರಿಸಿದ್ರ ಮತ್ತೊಂದ 0.15 ಕೇಜಿ ಸಿಗ್ತೈತಿ, ನಳಕ್ಕ ಚಲೋ ಫರಕ್ ಬೀಳ್ತೈತಿ, ರೇನ್ ಶವರಿಗೆ ಆದ್ರೂ ಸಾಲಂಗಿಲ್ಲ. ಅದ ಬೇಕs ಬೇಕು ಅಂದ್ರ ಸಣ್ಣ ಪ್ರೆಶರ್ ಪಂಪ್ ಹಾಕಿಸ್ರಿ, ಬಾಜೂಕ ಎನ್‌ಆರ್‌ವಿ (ನೀರು ಹಿಂದಕ್ಕ ಹೋಗದಂಗ ತಡಿಯೂ ವಾಲ್) ಹಾಕಿದ ಬೈಪಾಸ್ ಲೈನ್ ಇರ್ಲಿ, ಇಲ್ಲಾಂದ್ರ ಕರೆಂಟ್ ಹೋದಾಗ ನೀರೂ ಹೋಗ್ತೈತಿ. ಹಳೇ ಜಿಐ ಲೈನ್ ಹಂಗ ಇಟ್ಕೊಂಡು ಪಂಪ್ ಹಚ್ಚಬ್ಯಾಡ್ರಿ, ತುಕ್ಕು ಹಿಡದ ಜಾಯಿಂಟ್ ಆ ಒತ್ತಡ ತಡಿಯಂಗಿಲ್ಲ, ಗ್ವಾಡಿ ಹಸಿ ಆಗಾಕ ಚಾಲೂ ಆಗ್ತೈತಿ. ನನ್ನ ಕೇಳಿದ್ರ ಮ್ಯಾಲಿನ ಬಾತ್‌ರೂಮಿಗೆ ಹಳೇ ಸಣ್ಣ ಶವರ್ ವಾಪಸ್ ಹಾಕ್ರಿ, ದೊಡ್ಡದನ್ನ ಕೆಳಗಿನದಕ್ಕ ಹಾಕಿ ನೋಡ್ರಿ, ಅಲ್ಲೆ ಅರ್ಧಾ ಕೇಜಿ ಸಮೀಪ ಐತಿ.

ಬಾಜೂ ಮನಿಯವ್ರ ಮೋಟರ್ ಐಡಿಯಾ ಮಾತ್ರ ಬ್ಯಾಡs ಬ್ಯಾಡ. ಕಾಯ್ದೆಕ್ಕ ವಿರುದ್ಧ ಅನ್ನೂದು ಒಂದ ಕಡೆ, ಅದಕ್ಕಿಂತ ದೊಡ್ಡದು ಇನ್ನೊಂದೈತಿ. ಹುಬ್ಬಳ್ಳಿಯ ಮೂಡಣ ಕಡೆ, ಮುಂದ ನವಲಗುಂದ, ಗದಗ ಎಲ್ಲಾ ಎರಿ ಭೂಮಿ, ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ಮಳಿಗೆ ಉಬ್ಬತೈತಿ, ನೆಲದಾಗಿನ ಪೈಪಿನ ಜಾಯಿಂಟ್ ವರ್ಷಾ ವರ್ಷಾ ಜಗ್ಗಿ ಸಡ್ಲ ಆಗ್ತಾವ. ಲೈನಿನೊಳಗ ನೀರಿನ ಒತ್ತಡ ಇದ್ದಾಗ ಆ ಸಂದಿಯಿಂದ ನೀರು ಹೊರಗ ಸೋರ್ತೈತಿ ಅಷ್ಟ, ನೀವು ಮೋಟರ್ ಹಚ್ಚಿ ಜಗ್ಗಿದ್ರಿ ಅಂದ್ರ ಹೊರಗಿಂದು ಒಳಗ ಬರ್ತೈತಿ, ಬಾಜೂಕ ಗಟಾರ ಇದ್ರ ಗಟಾರದ ನೀರ ಬರ್ತೈತಿ, ನಿಮ್ಮ ಮನಿಗಷ್ಟ ಅಲ್ಲ ಓಣಿಗೆಲ್ಲಾ. ನೀರು ತಾನಾಗೇ ಸಂಪಿಗೆ ಬೀಳ್ಲಿ, ಮೋಟರ್ ಸಂಪಿನಿಂದ ಟಾಕಿಗೆ ಏರಿಸ್ಲಿ. ಮೀಟರಿಂದ ಸಂಪಿನ ತನಕದ ಪೈಪ್ ಯಾವಾಗಾದ್ರೂ ಅಗಿಸಿದ್ರ ಸುತ್ತಲೂ ಉಸುಕು ಹಾಕ್ಸಿ ಮುಚ್ಚಸ್ರಿ, ಎರಿ ಮಣ್ಣು ನೇರ ಪೈಪಿಗೆ ತಾಗಬಾರ್ದು.