ಮೂಳೆ ಮುರಿದು ದಾಖಲಾದ ತಂದೆ ಮೂರನೆಯ ರಾತ್ರಿ ಏನೇನೋ ಮಾತನಾಡುತ್ತಿದ್ದಾರೆ, ನಿಮ್ಹಾನ್ಸ್‌ಗೆ ಕರೆದೊಯ್ಯಬೇಕೆ?

ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಜನರಲ್ ಆಸ್ಪತ್ರೆ ಸೇರಿದ ನಿಮ್ಮ ತಂದೆಯವರು ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಾ ಡ್ರಿಪ್ ಕಿತ್ತೆಸೆದರು, ಮನೋವೈದ್ಯರನ್ನು ಕರೆಸುತ್ತೇವೆ ಎಂದು ಡ್ಯೂಟಿ ಡಾಕ್ಟರು ಹೇಳಿದ್ದರಿಂದ ನಿಮಗೆ ಗಾಬರಿಯಾಗಿದೆ ಎಂದು ಬರೆದಿದ್ದೀರಿ. ಇಂಥ ಕರೆ ಬಂದಾಗ ಮೂಳೆ ವಾರ್ಡಿಗೂ ಐಸಿಯುಗೂ ಹೋಗಿ ರೋಗಿಗಳನ್ನು ನೋಡುವ ಮನೋವೈದ್ಯ ನಾನು. ಅಲ್ಲಿನ ವೈದ್ಯರೇ ಹೇಳದ ಹೊರತು ಅವರನ್ನು ಆ ಆಸ್ಪತ್ರೆಯಿಂದ ಕದಲಿಸಬೇಡಿ.

ಹಗಲು ತಕ್ಕಮಟ್ಟಿಗೆ ಸರಿಯಿದ್ದು ಕತ್ತಲಾಗುತ್ತಿದ್ದಂತೆ ಏರುವ ಇಂಥ ಗೊಂದಲವನ್ನು ಹಿರಿಯರು ಸನ್ನಿ ಎನ್ನುತ್ತಿದ್ದರು. ಕೇಸ್ ಶೀಟಿನಲ್ಲಿ ಅದನ್ನು ಡೆಲಿರಿಯಮ್ ಎಂದು ಬರೆಯುತ್ತೇವೆ. ನೋಡುವವರಿಗೆ ಅದು ಹುಚ್ಚಿನಂತೆ ಕಂಡರೂ ಬೇರು ಇರುವುದು ದೇಹದಲ್ಲಿ. ತೊಡೆಯ ಮೂಳೆ ಮುರಿದಾಗ ಅದರೊಳಗಿನ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ, ಮೊದಲ ಮೂರು ದಿನಗಳೊಳಗೆ ಉಸಿರಾಟವನ್ನೂ ಪ್ರಜ್ಞೆಯನ್ನೂ ಕೆಡಿಸಬಹುದು. ಬಿದ್ದಾಗ ತಲೆಗೂ ಪೆಟ್ಟಾಗಿರಬಹುದು. ಸೋಡಿಯಂ ಇಳಿದಿರಬಹುದು, ಸೋಂಕು ತಗುಲಿರಬಹುದು. ಆದ್ದರಿಂದ ನಾನು ಮಂಚದ ಬಳಿ ಹೋದಾಗ ಮೊದಲು ನೋಡುವುದು ಆಕ್ಸಿಜನ್ ಪ್ರಮಾಣ, ರಕ್ತದ ವರದಿ ಮತ್ತು ತಲೆಯ ಸಿಟಿ ಸ್ಕ್ಯಾನನ್ನು. ಈ ತಪಾಸಣೆ ಮುಗಿಯುವ ಮೊದಲೇ ಅವರನ್ನು ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ಹೊರಟರೆ ಅಪಾಯವಾಗುವುದು ದಾರಿಯಲ್ಲಿಯೇ.

ನೀವು ಬರೆಯದ ಒಂದು ವಿಷಯವನ್ನು ಕೇಳಲೇಬೇಕಾಗಿದೆ: ಅವರು ದಿನವೂ ಕುಡಿಯುತ್ತಿದ್ದರೇ? ವರ್ಷಗಟ್ಟಲೆ ಕುಡಿದವರು ದಿಢೀರನೆ ನಿಲ್ಲಿಸಿದಾಗ, ಸಾಮಾನ್ಯವಾಗಿ ಎರಡು ಮೂರು ದಿನಗಳ ನಂತರ ಕೈ ನಡುಕ, ಬೆವರು, ಹುಳು ಹುಪ್ಪಟೆ ಕಾಣುವುದು ಶುರುವಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಮರ್ಯಾದೆಗೆ ಅಂಜಿ ಮನೆಯವರು ಮುಚ್ಚಿಡುವುದರಿಂದ ಎಷ್ಟೋ ಸಲ ನಮಗೆ ಇದು ತಿಳಿಯುವುದೇ ತಡವಾಗಿ. ಕೊನೆಯ ಬಾರಿ ಯಾವಾಗ, ಎಷ್ಟು ಕುಡಿದರು ಎಂಬುದನ್ನು ಡ್ಯೂಟಿ ಡಾಕ್ಟರಿಗೆ ಈಗಲೇ ತಿಳಿಸಿ. ಅದು ತಿಳಿದರೆ ಗ್ಲೂಕೋಸ್ ಹಾಕುವಾಗ ಥಯಾಮಿನ್, ಅಂದರೆ ಬಿ1 ವಿಟಮಿನ್ನಿನ ಇಂಜೆಕ್ಷನ್ ಕೊಡಲು ಮರೆಯುವುದಿಲ್ಲ, ನಡುಕಕ್ಕೆ ಲೊರಾಜೆಪಾಮ್‌ನಂಥ ಔಷಧವನ್ನು ಅಳೆದು ಕೊಡುತ್ತಾರೆ. ಸ್ವಲ್ಪ ಕುಡಿಸಿದರೆ ಸರಿಹೋಗುತ್ತದೆಂದು ಮಜ್ಜಿಗೆ ಬಾಟಲಿಯಲ್ಲಿ ಕ್ವಾರ್ಟರ್ ತರುವ ನೆಂಟರೂ ಇರುತ್ತಾರೆ. ಅವರನ್ನು ಗೇಟಿನಲ್ಲೇ ತಡೆಯಿರಿ.

ರಾತ್ರಿ ಸಣ್ಣ ದೀಪವೊಂದು ಉರಿಯುತ್ತಿರಲಿ, ಕನ್ನಡಕ ಹಾಕುವವರಾದರೆ ಹಾಕಿಸಿ, ಪರಿಚಿತರೊಬ್ಬರು ಪಕ್ಕದಲ್ಲಿ ಕುಳಿತು ‘ಇದು ಆಸ್ಪತ್ರೆ, ಕಾಲಿಗೆ ಪೆಟ್ಟಾಗಿದೆ’ ಎಂದು ಆಗಾಗ ಹೇಳುತ್ತಿರಲಿ. ಇರುವೆಯಿಲ್ಲವೆಂದು ವಾದಕ್ಕಿಳಿಯಬೇಡಿ.

ಜನರಲ್ ಆಸ್ಪತ್ರೆಯಲ್ಲಿಯೇ ಮಾನಸಿಕ ಚಿಕಿತ್ಸೆ ಕೊಡಲು ಕಾನೂನಿನಲ್ಲಿ ಅವಕಾಶವಿದೆಯೇ ಎಂದೂ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಕಲಮಿನ ಪ್ರಕಾರ, ಜೀವಕ್ಕೆ ಅಪಾಯವಿರುವಾಗ ನೋಂದಾಯಿತ ವೈದ್ಯರು ಯಾವುದೇ ಆಸ್ಪತ್ರೆಯಲ್ಲಿ ಗರಿಷ್ಠ 72 ಗಂಟೆಗಳ ಕಾಲ ತುರ್ತು ಮಾನಸಿಕ ಚಿಕಿತ್ಸೆ ನೀಡಬಹುದು. ಕರೆಂಟ್ ಚಿಕಿತ್ಸೆಯನ್ನು ಮಾತ್ರ ಹೀಗೆ ತುರ್ತಿನ ಹೆಸರಿನಲ್ಲಿ ಕೊಡುವಂತಿಲ್ಲ. ಮನೋವೈದ್ಯರು ಬಂದು ನೋಡಿದ ಮಾತ್ರಕ್ಕೆ ನಿಮ್ಮ ತಂದೆಯವರು ಮಾನಸಿಕ ರೋಗಿ ಎಂದಾಗುವುದಿಲ್ಲ.

ಮದ್ಯವೇ ಕಾರಣವಾಗಿದ್ದರೆ ಸನ್ನಿ ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಕುಡಿತದ ಚಿಕಿತ್ಸೆ ಆಮೇಲೆ ಆರಂಭವಾಗುತ್ತದೆ. ಡಿಸ್ಚಾರ್ಜಿಗೆ ಮೊದಲೇ ಮನೋವೈದ್ಯರಿಂದ ಮುಂದಿನ ಭೇಟಿಯ ದಿನವನ್ನು ಬರೆಸಿಕೊಳ್ಳಿ. ನಡುವೆ ಸಂದೇಹ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.