ನೋವುಂಡವರು ಡಾರ್ಕ್ ರೊಮ್ಯಾನ್ಸ್ ಯಾಕೆ ಓದುತ್ತಾರೆ?

ಇವು ಹಿಂಸೆ, ಬಲವಂತ ಎಲ್ಲ ಇರುವ ಪ್ರೇಮಕತೆಗಳು. ಆದರೂ ಅಂಥದ್ದನ್ನೇ ಅನುಭವಿಸಿದ ಕೆಲವರು ಓದುತ್ತಾರೆ, ಯಾಕಂದ್ರೆ ಇಲ್ಲಿ ಹಿಡಿತ ಅವರ ಕೈಯಲ್ಲೇ ಇರುತ್ತದೆ. ದೌರ್ಜನ್ಯ ಕಸಿದುಕೊಳ್ಳುವುದು ಅದನ್ನೇ ಅಲ್ವಾ? ಬೇಡ ಅಂದರೂ ಅಂದು ದೌರ್ಜನ್ಯ ನಿಲ್ಲಲಿಲ್ಲ. ಹಿಡಿತ ಮತ್ತೆ ಅವರದ್ದಾಗುವುದೇ ಚೇತರಿಕೆಯ ಮೊದಲ ಸೂತ್ರ ಎಂದು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಬರೆದಿದ್ದರು. ಓದುವಾಗ ಎದೆ ಡವಡವ ಅಂದರೆ ಪುಟಕ್ಕೆ ಬೆರಳಿಟ್ಟು ಪುಸ್ತಕ ಮುಚ್ಚಬಹುದು, ನೀರು ಕುಡಿದು ಬಂದು ಮುಂದುವರಿಸಬಹುದು, ಕೊನೆಯ ಅಧ್ಯಾಯವನ್ನು ಮೊದಲೇ ಇಣುಕಿ ನೋಡಬಹುದು. ನಾಯಕಿ ಬದುಕಿ ಉಳಿಯುತ್ತಾಳೆ ಅಂತ ಗೊತ್ತಾದರೆ ನಡುವಿನ ಕತ್ತಲೆಯನ್ನು ದಾಟುವುದು ಸುಲಭ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಮೊದಲ ಪುಟಗಳಲ್ಲಿ ಎಚ್ಚರಿಕೆ ಕೊಟ್ಟಿದ್ದರೆ ದಯವಿಟ್ಟು ಓದಿ. ನಿದ್ದೆ ಕೆಟ್ಟರೆ, ಹಳೆಯದೆಲ್ಲ ಕಣ್ಣಮುಂದೆ ಬಂದರೆ ಅರ್ಧಕ್ಕೇ ಬಿಟ್ಟುಬಿಡಿ.