ಹೇಸ್ಟಿಂಗ್ಸ್ 1895: ಪಿಲ್ಸ್‌ಬರಿ ಗೆದ್ದಿದ್ದು ಅದೃಷ್ಟದಿಂದಾನಾ?

ಪ್ರಶ್ನೆ: ಸರ್, 1895ರ ಹೇಸ್ಟಿಂಗ್ಸ್ ಟೂರ್ನಿ ಆ ಕಾಲದ ಅತಿ ದೊಡ್ಡ ಚೆಸ್ ಟೂರ್ನಿ ಅಂತ ಓದಿದೆ. ಲಾಸ್ಕರ್, ಸ್ಟೈನಿಟ್ಜ್ ಇಬ್ಬರೂ ಆಡಿದ್ದರೂ ಗೆದ್ದಿದ್ದು ಪಿಲ್ಸ್‌ಬರಿ ಅನ್ನೋ ಹುಡುಗ. ಇದು ಬರೀ ಅದೃಷ್ಟ ಅಲ್ವಾ? ಆಮೇಲೆ ಅವನ ಹೆಸರು ಯಾಕೆ ಅಷ್ಟಾಗಿ ಕೇಳಿಬರಲ್ಲ? ಇನ್ನೊಂದು ಸಂದೇಹ: ಅಲ್ಲಿ ಒಬ್ಬ ಆಟಗಾರ ಆಟದ ಮಧ್ಯೆ ಎದ್ದು ಹೋಗಿಬಿಟ್ಟ ಅನ್ನೋದು ನಿಜಾನಾ?

ಉತ್ತರ: ಅದೃಷ್ಟ ಅನ್ನೋ ಮಾತನ್ನ ನಾನು ಒಪ್ಪುವುದಿಲ್ಲ. ಒಂದೆರಡು ಆಟದಲ್ಲಿ ಅದೃಷ್ಟ ಕೈ ಹಿಡಿಯಬಹುದು. 21 ಆಟದಲ್ಲಿ ಹಿಡಿಯಲ್ಲ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು ಹೇಸ್ಟಿಂಗ್ಸ್. ಅಲ್ಲಿನ ಬ್ರಾಸಿ ಇನ್‌ಸ್ಟಿಟ್ಯೂಟ್‌ನಲ್ಲಿ ಆಗಸ್ಟ್ 5ರಿಂದ ಸೆಪ್ಟೆಂಬರ್ 2ರವರೆಗೆ 22 ಜನ ಆಡಿದರು, ಪ್ರತಿಯೊಬ್ಬರೂ ಉಳಿದ ಎಲ್ಲರ ಜೊತೆ ಒಂದೊಂದು ಆಟ. ವಿಶ್ವ ಚಾಂಪಿಯನ್ ಲಾಸ್ಕರ್ ಇದ್ದರು, ಹಿಂದಿನ ವರ್ಷವಷ್ಟೇ ಅವರಿಗೆ ಪಟ್ಟ ಬಿಟ್ಟುಕೊಟ್ಟ ಸ್ಟೈನಿಟ್ಜ್ ಇದ್ದರು, ಜರ್ಮನಿಯ ತರಾಶ್, ರಷ್ಯಾದ ಚಿಗೋರಿನ್ ಇದ್ದರು. ಇಷ್ಟು ಜನ ಘಟಾನುಘಟಿಗಳು ಒಂದೇ ಕಡೆ ಸೇರಿದ್ದಕ್ಕೇ ಈ ಟೂರ್ನಿಗೆ ಇವತ್ತಿಗೂ ಅಷ್ಟು ಹೆಸರು.

ಅಮೆರಿಕದ ಹ್ಯಾರಿ ನೆಲ್ಸನ್ ಪಿಲ್ಸ್‌ಬರಿಗೆ ಆಗ 22 ವರ್ಷ. ಚೆಸ್ ಕಲಿತಿದ್ದೇ 1888ರಲ್ಲಿ. 1893ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಟೂರ್ನಿ ಗೆದ್ದಿದ್ದರು ನಿಜ, ಆದರೆ ಇಂಥ ದೊಡ್ಡ ಕಣದಲ್ಲಿ ಅವರು ಮೊದಲ ಸ್ಥಾನಕ್ಕೆ ಬರುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ. ಮೊದಲ ಸುತ್ತಿನಲ್ಲೇ ಚಿಗೋರಿನ್ ಕೈಲಿ ಸೋತರು. ಮುಂದೆ ಲಾಸ್ಕರ್‌ಗೂ ಸೋತರು, ಶ್ಲೆಕ್ಟರ್‌ಗೂ ಸೋತರು. ಹಾಗಿದ್ದರೆ ಗೆದ್ದಿದ್ದು ಹೇಗೆ? 15 ಗೆಲುವು, 3 ಡ್ರಾ, 3 ಸೋಲು, ಒಟ್ಟು 16.5 ಅಂಕ (ಗೆಲುವಿಗೆ ಒಂದು, ಡ್ರಾಗೆ ಅರ್ಧ). ಮೂರೇ ಮೂರು ಡ್ರಾ ಅನ್ನೋದನ್ನ ಗಮನಿಸಿ. ಚಿಗೋರಿನ್, ಲಾಸ್ಕರ್‌ಗೆ ಸೋತರೂ ಪಟ್ಟಿಯಲ್ಲಿ ಕೆಳಗಿದ್ದವರ ಹತ್ತಿರ ಅವರು ಹೆಚ್ಚು ಅಂಕ ಬಿಟ್ಟುಕೊಡಲಿಲ್ಲ, ಸಮ ಇದ್ದ ಆಟವನ್ನೂ ಹಿಂಡಿ ಹಿಂಡಿ ಗೆದ್ದರು. ಎಲ್ಲರೂ ಎಲ್ಲರ ಜೊತೆ ಆಡುವ ಟೂರ್ನಿಯಲ್ಲಿ ಲೆಕ್ಕಕ್ಕೆ ಬರೋದು ಇದೇ.

ಎರಡನೇ ಸುತ್ತಿನಲ್ಲಿ ತರಾಶ್ ವಿರುದ್ಧ ಅವರು ಆಡಿದ ಕ್ವೀನ್ಸ್ ಗ್ಯಾಂಬಿಟ್ (ಆಟ ಶುರುಮಾಡುವ ಒಂದು ಕ್ರಮ) ನೋಡಿದರೆ ಆ ಹಟ ಗೊತ್ತಾಗುತ್ತೆ. ಕುದುರೆಯನ್ನು ಬೋರ್ಡಿನ ಮಧ್ಯದ ಇ5 ಮನೆಗೆ ತಂದು ಕೂರಿಸಿ, ಎಫ್4 ಮನೆಯ ಪಾನ್‌ನಿಂದ (ಕಾಲಾಳಿನಿಂದ) ಅದಕ್ಕೆ ಬೆಂಬಲ ಕೊಟ್ಟು, ಎಲ್ಲ ಬಲವನ್ನೂ ರಾಜನ ಕಡೆ ತಿರುಗಿಸಿದರು. ತರಾಶ್ ಆ ಕಡೆ ರಾಣಿಯ ಬದಿಯಲ್ಲಿ ಪಾನ್ ಮುಂದೆ ತಳ್ಳುತ್ತಾ ಇದ್ದರು, ಅದೂ ಸರಿಯಾದ ಯೋಜನೆಯೇ, ಆದರೆ ಪಿಲ್ಸ್‌ಬರಿಯ ದಾಳಿ ಮೊದಲು ಮುಟ್ಟಿತು.

ಇನ್ನು ಎದ್ದು ಹೋದ ವಿಷಯ. ನಿಜವೇ. ಹತ್ತನೇ ಸುತ್ತು, 59 ವರ್ಷದ ಸ್ಟೈನಿಟ್ಜ್ ಎದುರು ಜರ್ಮನಿಯ ಫಾನ್ ಬಾರ್ಡೆಲೆಬೆನ್. 17ನೇ ನಡೆಯಲ್ಲಿ ಸ್ಟೈನಿಟ್ಜ್ ಡಿ5ಕ್ಕೆ ಪಾನ್ ತಳ್ಳಿ ಸುಮ್ನೆ ಕೊಟ್ಟುಬಿಟ್ಟರು, ಡಿ4 ಮನೆ ಕುದುರೆಗೆ ಖಾಲಿಯಾಗಲಿ ಅಂತ. 22ನೇ ನಡೆಯಲ್ಲಿ ಅವರ ಆನೆ ಚೆಕ್ ಕೊಡುತ್ತಾ (ಅಂದರೆ ರಾಜನ ಮೇಲೆ ದಾಳಿ ಮಾಡುತ್ತಾ) ಇ7ಕ್ಕೆ ನುಗ್ಗಿತು. ಅಲ್ಲಿಂದ ಎಫ್7, ಜಿ7, ಎಚ್7, ಒಂದೊಂದು ಹೆಜ್ಜೆಗೂ ಚೆಕ್. ರಾಣಿಯಿಂದ ಅದನ್ನು ಹೊಡೆದರೆ ಸಿ8ರಲ್ಲಿರೋ ಕಪ್ಪು ಆನೆ ಹೋಗುತ್ತೆ. ಜಿ7ರಲ್ಲಿ ರಾಜನಿಂದ ಹೊಡೆದರೆ ರಾಣಿಯೇ ಹೋಗುತ್ತೆ. ಇದರಲ್ಲಿ ಇನ್ನೊಂದು ಸೊಗಸಿದೆ: ಸ್ಟೈನಿಟ್ಜ್ ಅವರ ರಾಣಿ, ಸಿ1ರ ಆನೆ ಎರಡೂ ಅಪಾಯದಲ್ಲೇ ಇದ್ದವು, ಚೆಕ್ ಇಲ್ಲದ ಒಂದು ನಡೆ ಆಡಿದ್ದರೂ ಅವರೇ ಮೇಟ್ ಆಗಬೇಕಿತ್ತು, ಅಂದರೆ ಅವರ ರಾಜನೇ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತಿದ್ದ. ಹೀಗೆ ಕತ್ತಿಯ ಅಲಗಿನ ಮೇಲೆ ನಡೆದ ಆಟ ಅದು.

25ನೇ ನಡೆ ಆದಮೇಲೆ ಬಾರ್ಡೆಲೆಬೆನ್ ಸೋಲೊಪ್ಪದೆ, ಒಂದು ಮಾತೂ ಆಡದೆ ಹಾಲ್‌ನಿಂದ ಹೊರಟುಹೋದರು. ಅವರ ಗಡಿಯಾರ ಓಡುತ್ತಲೇ ಇತ್ತು. ಸಮಯ ಮುಗಿದು ಸ್ಟೈನಿಟ್ಜ್ ಗೆದ್ದರು. ಉಳಿದ ನಡೆಗಳನ್ನು ಅವರೇ ನೆರೆದವರಿಗೆ ಆಡಿ ತೋರಿಸಿದರು: ಮತ್ತೆ ಹತ್ತು ನಡೆ, 35ನೆಯದಕ್ಕೆ ಮೇಟ್. ಇಷ್ಟು ಚಂದದ ಆಟವನ್ನು ಎದುರಾಳಿ ಕೊನೆವರೆಗೂ ಕೂತು ಮುಗಿಸಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ಟೂರ್ನಿಯ ಕೊನೆಯೂ ಸುಲಭದ್ದಲ್ಲ. ಚಿಗೋರಿನ್ ಮುಂದೆ ಇದ್ದರು, ಆದರೆ ಕೊನೆಯ ಹಿಂದಿನ ಸುತ್ತಿನಲ್ಲಿ ಜಾನೋವ್‌ಸ್ಕಿ ವಿರುದ್ಧ 16 ನಡೆಗೇ ಸೋತರು. ಕೊನೇ ಸುತ್ತಿಗೆ ಬಂದಾಗ ಪಿಲ್ಸ್‌ಬರಿ 15.5, ಚಿಗೋರಿನ್ 15, ಲಾಸ್ಕರ್ 14.5. ಅವತ್ತು ಮೂವರೂ ಗೆದ್ದರು. ಅಂದರೆ ಪಿಲ್ಸ್‌ಬರಿ ಆ ದಿನ ಡ್ರಾ ಮಾಡಿಕೊಂಡಿದ್ದರೆ ಮೊದಲ ಸ್ಥಾನವನ್ನು ಚಿಗೋರಿನ್ ಜೊತೆ ಹಂಚಿಕೊಳ್ಳಬೇಕಿತ್ತು.

ಆಮೇಲೆ ಏನಾಯಿತು ಅಂದರೆ, 1895ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಲ್ಸ್‌ಬರಿ, ಲಾಸ್ಕರ್, ಸ್ಟೈನಿಟ್ಜ್, ಚಿಗೋರಿನ್ ನಾಲ್ವರೇ ಆಡಿದರು, ಒಬ್ಬೊಬ್ಬರ ಜೊತೆ ಆರಾರು ಆಟ. ಅರ್ಧ ದಾರಿಯಲ್ಲಿ ಪಿಲ್ಸ್‌ಬರಿ 9ಕ್ಕೆ 6.5 ಗಳಿಸಿ ಎಲ್ಲರಿಗಿಂತ ಮುಂದೆ ಇದ್ದರು. ಉಳಿದ 9ರಲ್ಲಿ ಸಿಕ್ಕಿದ್ದು ಬರೀ 1.5. ಲಾಸ್ಕರ್ ಗೆದ್ದರು, ಇವರು ಮೂರನೆಯವರಾದರು. ವಿಶ್ವ ಪಟ್ಟಕ್ಕಾಗಿ ಪಂದ್ಯ ಆಡುವ ಅವಕಾಶ ಅವರಿಗೆ ಕೊನೆಗೂ ಸಿಗಲಿಲ್ಲ. 1906ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡರು. ಹೆಸರು ಜಾಸ್ತಿ ಕೇಳಿಬರದೇ ಇರೋದಕ್ಕೆ ಕಾರಣ ಇಷ್ಟೇ, ಆಟ ಕಡಿಮೆ ಇತ್ತು ಅಂತಲ್ಲ.

ಅದೃಷ್ಟ ಅಂತ ಇನ್ನೂ ಅನಿಸಿದರೆ ಕೊನೇ ಸುತ್ತಿನ ಪಿಲ್ಸ್‌ಬರಿ–ಗುನ್ಸ್‌ಬರ್ಗ್ ಆಟವನ್ನು ಬೋರ್ಡ್ ಮೇಲೆ ಜೋಡಿಸಿ. ರಾಣಿ, ಆನೆ ಎಲ್ಲ ಹೋಗಿ ಎರಡೂ ಕಡೆ ಒಂದೊಂದು ಕುದುರೆ, ಒಂದಷ್ಟು ಪಾನ್. ನೋಡಿದರೆ ಡ್ರಾ ಅನಿಸುತ್ತೆ. ಎರಡೂ ಕಡೆಯ 26ನೇ ನಡೆ ಮುಗಿದ ಮೇಲೆ ನಿಲ್ಲಿಸಿ, ಬಿಳಿ ಏನು ಆಡಬೇಕು ಅಂತ ಯೋಚಿಸಿ. ಪಿಲ್ಸ್‌ಬರಿ ಎಫ್5 ಆಡಿದರು, ಆಮೇಲೆ ಸಿ6 ತಳ್ಳಿ ಕುದುರೆಗಳನ್ನೂ ಬದಲಾಯಿಸಿ, ಮಧ್ಯದಲ್ಲಿ ಡಿ ಮತ್ತು ಇ ಪಾನ್ ಎರಡನ್ನೂ ಜೋಡಿಯಾಗಿ ಮುಂದೆ ಬಿಟ್ಟರು. 40 ನಡೆಯಲ್ಲಿ ಗುನ್ಸ್‌ಬರ್ಗ್ ಸೋಲೊಪ್ಪಿದರು.